ಇಬ್ಬರು ಜೀನ್ ಲೇರ್ಡ್

ಎರಡು ಇರುವುದನ್ನು ಒಂದು ಮಾಡುವುದು ನನ್ನ ಕಸುಬು. ಐರ್ಲೆಂಡಿನ ಗಾಲ್ವೇಯ ಪಾರ್ಕ್‌ಮೋರ್‌ನಲ್ಲಿ ಹೃದಯದ ಸ್ಟೆಂಟ್ ತಯಾರಿಸುವ ಕಂಪನಿಯೊಂದರ ಡೇಟಾ ವಿಭಾಗದಲ್ಲಿದ್ದೇನೆ. ಒಂದೇ ಆಸ್ಪತ್ರೆ ಎರಡು ಹೆಸರಲ್ಲಿ ದಾಖಲಾಗಿರುತ್ತದೆ, ಒಬ್ಬನೇ ಡಾಕ್ಟರು ಮೂರು ವಿಳಾಸದಲ್ಲಿ ಕೂತಿರುತ್ತಾನೆ. ಅಂಥವನ್ನು ಹುಡುಕಿ, ಸರಿಯಾದದ್ದನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಅಳಿಸಬೇಕು. ಹದಿನಾಲ್ಕು ವರ್ಷ ಇದನ್ನೇ ಮಾಡಿ, ಅಡುಗೆಮನೆಯಲ್ಲಿ ಸಾಸಿವೆಯ ಎರಡು ಡಬ್ಬಿ ಕಂಡರೂ ಕೈ ತುರಿಸುತ್ತದೆ. ಗಂಡ ಶ್ರೀಕಂಠ ಇದನ್ನು ಕಾಯಿಲೆ ಅನ್ನುತ್ತಾನೆ. ಅವನು ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು, ಅವನಿಗೆ ಎಲ್ಲವೂ ಕಾಯಿಲೆಯೇ.

ಮಗಳು ಅದಿತಿಯನ್ನು ಮೈಸೂರಿನಲ್ಲಿ ಬಿಟ್ಟು ಬಂದದ್ದು 2020ರ ಜನವರಿಯಲ್ಲಿ. ಅವಳಿಗೆ ಮೂರು ತುಂಬಿ ಎರಡು ತಿಂಗಳು. ಹಗಲು ಅವಳನ್ನು ನೋಡಿಕೊಳ್ಳುತ್ತಿದ್ದ ಕ್ರೆಶ್ ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ಏಪ್ರಿಲ್‌ವರೆಗೆ ಜಾಗವಿರಲಿಲ್ಲ. ನನ್ನ ಆಫೀಸಿನಲ್ಲಿ ಹೊಸ ಸಿಸ್ಟಮ್ ಬರುವುದಿತ್ತು. ನನ್ನ ಓರಗಿತ್ತಿ ಶರ್ಮಿಳಾ ತಾನಾಗಿಯೇ ಕೇಳಿದರು. ಅವರಿಗೂ ಭಾವನವರಿಗೂ ಮಕ್ಕಳಿಲ್ಲ. "ಎರಡೇ ತಿಂಗಳಲ್ವಾ, ಬಿಟ್ಟು ಹೋಗು ಜಯಾ. ನಮ್ಗೂ ಮನೆ ತುಂಬಿದ ಹಾಗಿರತ್ತೆ" ಅಂದರು. ಬಿಟ್ಟು ಬಂದೆ. ಮಾರ್ಚಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ವಿಮಾನ ನಿಂತಿತು. ಕಾಯಿಲೆ ಮನೆಗೆ ತರಬಾರದೆಂದು ಶ್ರೀಕಂಠ ಆಸ್ಪತ್ರೆಯವರು ಗೊತ್ತುಮಾಡಿದ ಹೋಟೆಲಿಗೆ ಹೋದ. ಮೂರು ಬೆಡ್‌ರೂಮಿನ ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಅದಿತಿಯ ಕೋಣೆಯನ್ನೇ ಆಫೀಸು ಮಾಡಿಕೊಂಡೆ. ಅವಳ ಪುಟ್ಟ ಹಾಸಿಗೆಯನ್ನು ಗೋಡೆಗೆ ಒತ್ತರಿಸಿ ಮೇಜು ಹಾಕಿದೆ. ಇಂಟರ್ನೆಟ್ ಆ ಕೋಣೆಯಲ್ಲೇ ಚೆನ್ನಾಗಿ ಬರುತ್ತದೆ ಎಂದು ಶ್ರೀಕಂಠನಿಗೆ ಹೇಳಿದೆ. ಅದು ಸುಳ್ಳು, ಅವನಿಗೂ ಗೊತ್ತಿತ್ತು.

ಪಕ್ಕದ ಮನೆಯ ಆಲಿವ್ ಗಿಲ್ಫಿಲನ್‌ಗೆ ಎಂಬತ್ತಮೂರು ವರ್ಷ. ಉತ್ತರದ ಡೊನೆಗಾಲ್ ಕಡೆಯ ಹಳ್ಳಿಯವರು. ನಲವತ್ತು ವರ್ಷ ಇಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು, ಮದುವೆಯಾಗಿಲ್ಲ. ಸುತ್ತಲಿನವರೆಲ್ಲ ಕ್ಯಾಥೊಲಿಕ್ಕರು, ಇವರೊಬ್ಬರು ಪ್ರೆಸ್ಬಿಟೇರಿಯನ್, ಪ್ರಾಟೆಸ್ಟಂಟರಲ್ಲಿ ಒಂದು ಪಂಗಡ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹಿತ್ತಲ ಗೋಡೆಯ ಮೇಲೆ ಬಿಸ್ಕತ್ತಿನ ಡಬ್ಬವೊಂದನ್ನು ಇಟ್ಟು, ಎರಡು ಮೀಟರ್ ಹಿಂದೆ ಸರಿದು ನನ್ನನ್ನು ಕೂಗಿದರು. ಅವರು ಆಡುವುದು ಇಂಗ್ಲಿಷ್. ಅದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ಒಳಗೆ ಒಂದು ಪೆನ್‌ಡ್ರೈವ್ ಇದೆ. ಅಮೆರಿಕದಿಂದ ಬಂದದ್ದು. ಹಳೇ ಚರ್ಚಿನ ಪುಸ್ತಕವೊಂದರ ನಾನೂರ ಹನ್ನೆರಡು ಫೋಟೋ. ನನ್ನ ಕಣ್ಣು ಈಗ ಅಂಚನ್ನಷ್ಟೇ ನೋಡತ್ತೆ, ನಡುವೆ ಬರೀ ಕಪ್ಪು. ನೀನು ಕಂಪ್ಯೂಟರಿನವಳು, ದೊಡ್ಡದು ಮಾಡಿ ಓದು."

"ಏನು ಹುಡುಕಬೇಕು?"

"ನನ್ನ ತಾಯಿಯ ಕಡೆಯ ಹಿರಿಯ ಆಂಡ್ರ್ಯೂ ಲೇರ್ಡ್ ಅಂತ. ರೈತ. 1736ರಲ್ಲಿ ಹೆಂಡತಿ ಮಕ್ಕಳ ಜೊತೆ ಪೆನ್ಸಿಲ್ವೇನಿಯಾಗೆ ಹೋದ. ಅವನ ಸಂಸಾರದಲ್ಲಿ ಯಾರ್ಯಾರಿದ್ದರು, ಚರ್ಚಿನಲ್ಲಿ ಹೇಗೆ ನಡಕೊಂಡ, ಅದು ನನಗೆ ಬೇಕು."

"ಅವನು ಅಲ್ಲಿಗೆ ಹೋಗಿಬಿಟ್ಟಿದ್ದರೆ ನೀವು ಇಲ್ಲಿ ಹೇಗೆ ಬಂದಿರಿ?"

"ಮೊದಲು ಓದು. ನಾನು ಹೇಳಿಬಿಟ್ಟರೆ ನೀನು ನಾನು ಹೇಳಿದ್ದನ್ನೇ ಹುಡುಕುತ್ತೀಯ."

ಟೀಚರು ಯಾವತ್ತಿದ್ದರೂ ಟೀಚರೇ. ಡಬ್ಬವನ್ನು ಸ್ಯಾನಿಟೈಸರಿನಿಂದ ಒರೆಸಿ ಒಳಗೆ ತಂದೆ. ನನಗೂ ಸಂಜೆಗಳನ್ನು ಕಳೆಯಲು ಏನಾದರೂ ಬೇಕಿತ್ತು.

ಆ ಹಳೆಯ ಕೈಬರಹ ಓದುವುದನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಕಲಿತ ಮೇಲೆ ಬಿಡಲಾಗಲಿಲ್ಲ. ಪೆನ್ಸಿಲ್ವೇನಿಯಾದ ಆ ಚರ್ಚು ಎಂದರೆ ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಒಂದು ಮೀಟಿಂಗ್‌ಹೌಸು, ಸುತ್ತ ಕಾಡು ಕಡಿದು ಹೊಲ ಮಾಡಿಕೊಂಡ ಅರುವತ್ತು ಸಂಸಾರ. ಊರ ಹಿರಿಯರ ಮಂಡಳಿಗೆ ಸೆಷನ್ ಎಂದು ಹೆಸರು. ಅದು ಕೂತು ಎಲ್ಲರ ವಿಚಾರಣೆ ಮಾಡುತ್ತದೆ. ಭಾನುವಾರ ಹಸು ಅಟ್ಟಿಕೊಂಡು ಹೋದವನಿಗೆ ಛೀಮಾರಿ. ಜೇನುಗೂಡಿನ ವಿಷಯಕ್ಕೆ ಬೈದಾಡಿದ ಇಬ್ಬರು ಹೆಂಗಸರಿಗೆ ಎಲ್ಲರೆದುರು ನಿಲ್ಲುವ ಶಿಕ್ಷೆ. ಹೆಣದ ಮನೆಯಲ್ಲಿ ಕುಡಿದು ಹಾಡಿದವನಿಗೆ ಎಚ್ಚರಿಕೆ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಶನ್ನುಗಳು ಇವರ ಮುಂದೆ ಏನೇನೂ ಅಲ್ಲ.

ಆಂಡ್ರ್ಯೂ ಲೇರ್ಡ್ ಅಲ್ಲಲ್ಲಿ ಬರುತ್ತಾನೆ. ಅವನ ಅಗಸೆ ಹೊಲಕ್ಕೆ ನೆರೆಯವನ ಹಂದಿ ನುಗ್ಗಿದ್ದನ್ನು ಸೆಷನ್ ರಾಜಿ ಮಾಡಿಸುತ್ತದೆ. ಮೀಟಿಂಗ್‌ಹೌಸಿಗೆ ಹೊಸ ಸೂರು ಹಾಕುವಾಗ ತನ್ನ ಎತ್ತಿನ ಜೋಡಿ ಕಳಿಸಿದವನು ಅವನು. ಒಳ್ಳೆಯ ರೈತ, ಕಡಿಮೆ ಮಾತಿನವನು ಅನ್ನಿಸುತ್ತದೆ. ಒಂದು ಮಾತ್ರ ವಿಚಿತ್ರವಾಗಿತ್ತು. ಎಲ್ಲರೂ ಒಂದೇ ಮೇಜಿಗೆ ಕೂತು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ದಿನ ಹತ್ತಿರವಾದಾಗ, ನಡತೆ ಸರಿಯಿದ್ದವರಿಗೆ ಹಿರಿಯರು ಹೆಬ್ಬೆರಳುಗುರಿನಷ್ಟು ದೊಡ್ಡ ಸೀಸದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಬಿಲ್ಲೆ ಇಲ್ಲದವರು ಆ ಮೇಜಿಗೆ ಕೂರುವಂತಿಲ್ಲ. ಬಿಲ್ಲೆ ಪಡೆದವರ ಪಟ್ಟಿಯಲ್ಲಿ ಹೆಂಡತಿ ಆಗ್ನೆಸ್ ಲೇರ್ಡ್ ಹೆಸರು ಪ್ರತಿ ಸಲವೂ ಇತ್ತು. ಆಂಡ್ರ್ಯೂವಿನದು 1738ರಿಂದ ಏಳು ವರ್ಷ ಎಲ್ಲೂ ಇಲ್ಲ. 1745ರಲ್ಲಿ ಸೆಷನ್ ಕಾರಣ ಕೇಳುತ್ತದೆ. ಕರಣಿಕ ಬರೆದುಕೊಂಡ ಉತ್ತರ ಒಂದೇ ಸಾಲು: ಐರ್ಲೆಂಡಿನಲ್ಲಿ ಬಿಟ್ಟು ಬಂದದ್ದು ಒಂದಿದೆ ಎಂದನು. ಏನದು ಎಂದು ಅವರು ಕೇಳಿದಂತಿಲ್ಲ. ಯಾವುದೋ ಜಮೀನಿನ ತಕರಾರು ಇರಬೇಕು ಎಂದು ನಾನು ಮುಂದಕ್ಕೆ ಹೋದೆ.

ಜೂನ್ ಹೊತ್ತಿಗೆ ಶ್ರೀಕಂಠ ಮನೆಗೆ ಬಂದ. ಜುಲೈ ಕೊನೆಗೆ ನಾನು ಬಸುರಿ ಎಂದು ಗೊತ್ತಾಯಿತು. ಸಂತೋಷ ಆಯಿತು, ಅದನ್ನು ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಫ್ರಾಂಕ್‌ಫರ್ಟ್ ಮೂಲಕ ವಿಮಾನಗಳೂ ಶುರುವಾಗಿದ್ದವು. ನಮ್ಮ ಕನ್ನಡ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರು ಯಾವಾಗ ಹೋಗುತ್ತಾರೆ, ಯಾರು ಬರುತ್ತಾರೆ ಎಂದು ದಿನವೂ ಮೆಸೇಜು. ನಾನು ಎಲ್ಲವನ್ನೂ ಓದುತ್ತಿದ್ದೆ. ಈ ವಾಂತಿ ನಿಲ್ಲಲಿ, ಆಫೀಸಿನ ಈ ರಿಲೀಸ್ ಮುಗಿಯಲಿ, ಶ್ರೀಕಂಠನ ನೈಟ್ ಡ್ಯೂಟಿ ಕಳೆಯಲಿ. ಒಂದಾದ ಮೇಲೊಂದು ಕಾರಣ ಸಿಗುತ್ತಲೇ ಹೋಯಿತು, ಎಲ್ಲವೂ ನಿಜವಾದ ಕಾರಣಗಳೇ.

ವಿಡಿಯೋ ಕಾಲಿನಲ್ಲಿ ಅದಿತಿ ಮೊದಮೊದಲು ಅಳುತ್ತಿದ್ದಳು. ಆಮೇಲೆ ಅಳು ನಿಂತಿತು. ಆಗಸ್ಟಿನಲ್ಲಿ ಫೋನಿನ ಹತ್ತಿರ ಬರುವುದೂ ಕಡಿಮೆಯಾಯಿತು. ಒಂದು ಸಲ ಶರ್ಮಿಳಾ ಬಲವಂತವಾಗಿ ಕೂರಿಸಿದರು.

"ಅದಿತಿ, ಊಟ ಆಯ್ತಾ ಬಂಗಾರ?"

"ಆಯ್ತು. ನಿಮ್ದು ಆಯ್ತಾ?" ಎಂದು ಕೇಳಿ, ಪಕ್ಕಕ್ಕೆ ತಿರುಗಿ, "ಅಮ್ಮಾ, ಸಾಕಾ?" ಅಂದಳು.

ಅವಳು ಅಮ್ಮ ಅಂದದ್ದು ಶರ್ಮಿಳಾಗೆ. ಜನವರಿಯಲ್ಲಿ ದೊಡ್ಡಮ್ಮ ಅನ್ನುತ್ತಿದ್ದಳು. ಶರ್ಮಿಳಾರ ಮುಖ ಕೆಂಪಾಯಿತು. ನಾನು ಕೇಳಿಸಿಯೇ ಇಲ್ಲವೆಂಬಂತೆ ನಕ್ಕೆ.

ಸೆಪ್ಟೆಂಬರಿನಲ್ಲಿ ಅವರೇ ಫೋನು ಮಾಡಿದರು. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡ ಮಾತಿರಬೇಕು, ಒಂದೇ ಉಸಿರಿಗೆ ಹೇಳಿದರು. "ಜಯಾ, ತಪ್ಪು ತಿಳ್ಕೋಬೇಡ. ಅವಳು ಇಲ್ಲಿ ಹೊಂದ್ಕೊಂಡಿದಾಳೆ. ನಿಂಗೆ ಇನ್ನೊಂದು ಬರ್ತಾ ಐತೆ. ಇವ್ಳು ನಮ್ ಹತ್ರಾನೇ ಇದ್ಬಿಡ್ಲಿ. ಅತ್ತೇನೂ ಹಂಗೇ ಅಂತಾರೆ. ಮನೇ ಮಗು ಮನೇಲೇ ಇರತ್ತೆ ಅಷ್ಟೇ. ನೀವು ವರ್ಷಾ ವರ್ಷಾ ಬಂದು ನೋಡ್ಕೊಂಡು ಹೋಗಿ."

ಬೇರೆ ಯಾರಾದರೂ ಹೇಳಿದ್ದರೆ ಫೋನು ಒಗೆಯುತ್ತಿದ್ದೆ. ಕೋಪ ಬರಬೇಕಿತ್ತು, ಬರಲಿಲ್ಲ. ಒಂದು ಕ್ಷಣ ಎದೆಯ ಭಾರ ಇಳಿದಂತಾಯಿತು. ಆ ಹಗುರವನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ನನ್ನ ಮೇಲೆ ಅಸಹ್ಯ.

"ಯೋಚನೆ ಮಾಡಿ ಹೇಳ್ತೀನಿ ಅಕ್ಕ" ಅಂದೆ.

ಆ ವಾರವೇ ಆಲಿವ್ ಅವರ ವಂಶವೃಕ್ಷವನ್ನು ಮುಗಿಸಲು ಕೂತೆ. ಯೋಚನೆಯಿಂದ ತಪ್ಪಿಸಿಕೊಳ್ಳಲು ನನಗೆ ಗೊತ್ತಿರುವುದು ಪಟ್ಟಿ ಮಾಡುವುದೊಂದೇ. ಪುಸ್ತಕದ ಆರಂಭದಲ್ಲಿ ಹೊಸದಾಗಿ ಬಂದ ಸಂಸಾರಗಳ ಪ್ರಮಾಣಪತ್ರಗಳ ನಕಲು ಇತ್ತು. ಊರು ಬಿಡುವಾಗ ಅಲ್ಲಿಯ ಪಾದ್ರಿ ಬರೆದುಕೊಡುವ ಪತ್ರ ಅದು. ಆಂಡ್ರ್ಯೂ ಲೇರ್ಡ್, ಹೆಂಡತಿ ಆಗ್ನೆಸ್, ಮಕ್ಕಳು ಜಾನ್, ರಾಬರ್ಟ್, ಮೂರು ವರ್ಷದ ಜೀನ್. ಇನ್ನೊಂದು ಕಡೆ ಮಕ್ಕಳ ದೀಕ್ಷಾಸ್ನಾನದ ಪಟ್ಟಿಯಲ್ಲಿ, 1738ರ ಏಪ್ರಿಲ್, ಆಂಡ್ರ್ಯೂ ಲೇರ್ಡನ ಮಗಳು ಜೀನ್. ಅದೇ ಹೆಸರು, ಅದೇ ಅಪ್ಪ, ಅದೇ ಅಮ್ಮ. ಕರಣಿಕ ಹಳೆಯ ಮಗುವನ್ನೇ ತಡವಾಗಿ ಇನ್ನೊಮ್ಮೆ ಬರೆದಿದ್ದಾನೆ ಎಂದುಕೊಂಡೆ. ಬದುಕಿರುವ ಮಗುವಿನ ಹೆಸರನ್ನು ಯಾರಾದರೂ ಇನ್ನೊಂದಕ್ಕೆ ಇಡುತ್ತಾರೆಯೇ? ತಾರೀಖು ಖಚಿತವಾಗಿದ್ದದ್ದನ್ನು ಉಳಿಸಿಕೊಂಡು ಮೊದಲಿನ ಜೀನ್‌ಳನ್ನು ಅಳಿಸಿದೆ. ಒಂದು ಕ್ಲಿಕ್, ಅಷ್ಟೇ. ದಿನಕ್ಕೆ ಇಂಥ ನೂರು ಮಾಡುತ್ತೇನೆ.

ಮಾರನೆಯ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೆಟ್ಟಿಲಿನ ಮೇಲೆ ಸದ್ದಾಯಿತು. ನಮ್ಮ ಮನೆಯ ಮೂರನೇ ಮೆಟ್ಟಿಲು ಕಾಲಿಟ್ಟರೆ ಮಾತ್ರ ಕಿರುಗುಟ್ಟುತ್ತದೆ. ಶ್ರೀಕಂಠ ಡ್ಯೂಟಿಯಲ್ಲಿದ್ದ. ಮರ ಒಣಗಿ ಹೀಗಾಗುತ್ತದೆ ಎಂದುಕೊಂಡೆ. ಗಾಲ್ವೇಯಲ್ಲಿ ಮರ ಒಣಗುವುದು ಯಾವ ಕಾಲಕ್ಕೆ? ಮರುದಿನವೂ ಆಯಿತು, ಅದರ ಮರುದಿನವೂ. ನಾಲ್ಕು ಗಂಟೆ ಎಂದರೆ ನಾನು ಕ್ರೆಶ್‌ನಿಂದ ಅದಿತಿಯನ್ನು ಕರೆತರುತ್ತಿದ್ದ ಹೊತ್ತು. ಸದ್ದು ಮೆಟ್ಟಿಲು ಹತ್ತಿ ಕೋಣೆಯ ಬಾಗಿಲವರೆಗೆ ಬರುತ್ತಿತ್ತು. ಒಳಗೆ ಬರುತ್ತಿರಲಿಲ್ಲ. ಒಂದು ದಿನ ತಿರುಗಿ ನೋಡದೆಯೇ ನನ್ನ ಬಾಯಿಂದ ಮಾತು ಬಂತು: "ಐದ್ ನಿಮಿಷ ಇರು ಪುಟ್ಟಾ, ಮೀಟಿಂಗ್ ಐತೆ." ಆಡಿದ ಮೇಲೆ ತಿರುಗಿದೆ, ಬಾಗಿಲಲ್ಲಿ ಯಾರೂ ಇರಲಿಲ್ಲ.

ಆಮೇಲಿನ ಸೋಮವಾರ ಪೃಥ್ವಿಯ ಜೊತೆ ಟೀಮ್ಸ್ ವಿಡಿಯೋ ಕಾಲಿನಲ್ಲಿದ್ದೆ. ಪೃಥ್ವಿ ನನ್ನ ತಂಡದ ಹುಡುಗ, ಬೆಂಗಳೂರಿನವನು, ಒಳ್ಳೆಯವನು. ಒಂದು ಸ್ಪ್ರೆಡ್‌ಶೀಟ್ ಬಗ್ಗೆ ಏನೋ ಹೇಳುತ್ತಿದ್ದವನು ನಡುವೆ ನಕ್ಕ.

"ಅಕ್ಕಾ, ಅದಿತಿ ಬಂದ್ಲಾ? ಹೇಳಲೇ ಇಲ್ಲ ನೀವು."

"ಯಾರು?"

"ಹಿಂದೆ ಬಾಗಿಲಲ್ಲಿ ನಿಂತವ್ಳಲ್ಲ. ಹಾಯ್ ಪುಟ್ಟಾ!" ಎಂದು ಕೈ ಬೀಸಿದ. ಮತ್ತೆ ಸ್ಕ್ರೀನಿನ ಹತ್ತಿರ ಮುಖ ತಂದು ನೋಡಿದ. "ಏನಕ್ಕ, ಮಗೂಗೆ ಅಮ್ಮ ಎದ್ದಿದ್ಯಾ? ಮುಖದ ತುಂಬ ಗುಳ್ಳೆ."

ನಾನು ತಿರುಗಿದೆ. ಬಾಗಿಲು ತೆರೆದಿತ್ತು. ಹಿಂದಿನ ಗೋಡೆಯಲ್ಲಿ ಅದಿತಿಯ ಹಳದಿ ರೇನ್‌ಕೋಟು ನೇತಾಡುತ್ತಿತ್ತು. "ಅದು ಕೋಟು ಕಣೋ. ನೆಟ್‌ವರ್ಕ್ ಸರಿ ಇಲ್ಲ ನಿಂದು" ಎಂದು ಗದರಿದೆ. ಅವನು ಸಾರಿ ಅಂದ. ಆ ಕೋಟಿಗೆ ಮುಖವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಎತ್ತಲಿಲ್ಲ. ಸಂಜೆ ಮೈಸೂರಿಗೆ ಫೋನು ಮಾಡಿ ಅದಿತಿಗೆ ಜ್ವರಗಿರ ಇದೆಯೇ ಎಂದು ಕೇಳಿದೆ. ಚೆನ್ನಾಗಿದ್ದಾಳೆ, ಚಕ್ಕುಲಿ ತಿನ್ನುತ್ತಿದ್ದಾಳೆ ಎಂದರು.

ಅಕ್ಟೋಬರ್ ಮೊದಲ ವಾರ ವಂಶವೃಕ್ಷವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟು ಮಾಡಿ ಗೋಡೆಯ ಮೇಲಿಟ್ಟೆ. ನೋಡಲು ಬಹಳ ಚೊಕ್ಕಟವಾಗಿತ್ತು. ಆಲಿವ್ ಅದನ್ನು ಭೂತಗನ್ನಡಿಯಡಿ ಹಿಡಿದು, ತಲೆ ಓರೆ ಮಾಡಿ, ಕಣ್ಣಿನ ಅಂಚಿನಿಂದ ಬಹಳ ಹೊತ್ತು ನೋಡಿದರು.

"ನನ್ನ ಜೀನ್ ಎಲ್ಲಿ?"

"ಇದ್ದಾಳಲ್ಲ. ಮೂರನೆಯವಳು. ಹುಟ್ಟಿದ್ದು 1738."

"ಇವಳು ಅಲ್ಲಿ ಹುಟ್ಟಿದವಳು. ನಾನು ಕೇಳಿದ್ದು ಇಲ್ಲಿಯವಳನ್ನು."

ಎರಡು ಸಲ ಬರೆದಿತ್ತು, ಅದಕ್ಕೇ ಒಂದನ್ನು ತೆಗೆದೆ ಎಂದೆ. ಆಲಿವ್ ಗದರಲಿಲ್ಲ. ಕುರ್ಚಿ ಎಳೆದುಕೊಂಡು ಗೋಡೆಯಾಚೆ ಕೂತರು. ಆಗ ಹೇಳಿದರು.

ಲೇರ್ಡ್ ಸಂಸಾರ ಹಡಗಿನ ಕಟ್ಟೆಗೆ ಬಂದ ದಿನ ಮೂರು ವರ್ಷದ ಜೀನ್‌ಗೆ ಸಿಡುಬು ಎದ್ದಿತು. ಸಿಡುಬಿನ ಮಗುವನ್ನು ಹಡಗಿನವನು ಹತ್ತಿಸಲಿಲ್ಲ. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಹೊಲ ಕೊಟ್ಟಾಗಿತ್ತು, ದನ ಮಾರಿಯಾಗಿತ್ತು. ಕಟ್ಟೆಯ ಹತ್ತಿರದ ಗಿರಣಿಯವನ ಹೆಂಡತಿಗೆ ಮಗುವನ್ನು ಒಪ್ಪಿಸಿ ಹೋದರು. ಮಗು ಸಾಯುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಅದು ಸಾಯಲಿಲ್ಲ. ಗಿರಣಿಯವನ ಮಗನನ್ನೇ ಮದುವೆಯಾಗಿ ಎಪ್ಪತ್ತೆಂಟು ವರ್ಷ ಬದುಕಿತು. ಆಲಿವ್ ಅವರ ತಾಯಿಯ ಕಡೆಯವರೆಲ್ಲ ಅವಳ ಸಂತಾನ.

"ನನಗೆ ತಿಳಿಯಬೇಕಾದದ್ದು ಒಂದೇ" ಎಂದರು ಆಲಿವ್. "ಅವಳ ಹೆಸರನ್ನು ಇನ್ನೊಂದು ಮಗುವಿಗೆ ಇಟ್ಟಾಗ, ಇವಳು ಸತ್ತಳೆಂದು ತಿಳಿದು ಇಟ್ಟರೋ, ಬದುಕಿದ್ದಾಳೆಂದು ಗೊತ್ತಿದ್ದೂ ಇಟ್ಟರೋ? ಸಾಯುವ ಮುಂಚೆ ಅಷ್ಟು ತಿಳಿದರೆ ಸಾಕು."

ಮನೆಯೊಳಗೆ ಬಂದೆ. ನಾಲ್ಕಾಗಿತ್ತು. ಸದ್ದು ಮೆಟ್ಟಿಲು ಹತ್ತಿತು. ಈ ಸಲ ನಾನು ಕೆಳಗೇ ನಿಂತು ಕೇಳಿದೆ. ಮೂರು ವರ್ಷದ ಮಗು ಹತ್ತುವಂತೆ ಪ್ರತಿ ಮೆಟ್ಟಿಲಿಗೂ ಎರಡೆರಡು ಸಲ ಹೆಜ್ಜೆ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ನಾನು ಅಳಿಸಿದವಳು ನನ್ನ ಮನೆಗೇ ಬಂದಿದ್ದಳು, ಮತ್ತೆ ಅವಳಿಗೆ ಬೇರೆಲ್ಲಿ ಜಾಗವಿತ್ತು?

ಅಕ್ಟೋಬರಿಡೀ ಮತ್ತೆ ಮೊದಲಿನಿಂದ ಓದಿದೆ. ಹೊರಗೆ ಮತ್ತೆ ಲಾಕ್‌ಡೌನ್. ಮೊದಲ ಸಲ ಬರೀ ಜಗಳ ಎಂದು ದಾಟಿಸಿದ್ದ ಪುಟಗಳನ್ನು ಈ ಸಲ ಒಂದೊಂದು ಪದವಾಗಿ ಬಿಡಿಸಿದೆ. ಇನ್ನೂರ ಆರನೇ ಫೋಟೋದಲ್ಲಿ ಸಿಕ್ಕಿತು. ಪುಟದ ಮುಕ್ಕಾಲು ಭಾಗ ಜೇನುಗೂಡಿನ ಹೆಂಗಸರ ವಿಚಾರಣೆ. ಕೊನೆಗೆ ನಾಲ್ಕು ಸಾಲು. 1737ರ ನವೆಂಬರ್:

ಐರ್ಲೆಂಡಿನ ಪಾದ್ರಿಯವರ ಪತ್ರವನ್ನು ಓದಲಾಯಿತು. ಹಡಗುಕಟ್ಟೆಯಲ್ಲಿ ಸಿಡುಬಿನಲ್ಲಿ ಬಿಡಲಾದ ಜೀನ್ ಲೇರ್ಡ್ ಎಂಬ ಮಗು ಗುಣಹೊಂದಿ ಗಿರಣಿಯವರ ಮನೆಯಲ್ಲಿ ಕ್ಷೇಮವಾಗಿದೆ. ತಂದೆ ಬಂದು ಕರೆದೊಯ್ಯುವನೋ ಇಲ್ಲವೋ ತಿಳಿಸಬೇಕೆಂದು ಕೇಳಿದ್ದಾರೆ. ಆಂಡ್ರ್ಯೂ ಲೇರ್ಡ್ ಹಾಜರಿದ್ದನು. ಯೋಚಿಸಿ ಹೇಳುವುದಾಗಿ ಹೇಳಿದನು.

ಐದು ತಿಂಗಳ ನಂತರ, ಏಪ್ರಿಲಿನಲ್ಲಿ, ಎರಡನೆಯ ಜೀನ್‌ಗೆ ದೀಕ್ಷಾಸ್ನಾನ.

ಹಾಗಾದರೆ ನವೆಂಬರಿನಲ್ಲಿ ಆಗ್ನೆಸ್ ಬಸುರಿ. ನನ್ನ ಕೈ ತಾನಾಗಿ ನನ್ನ ಹೊಟ್ಟೆಯ ಮೇಲೆ ಹೋಯಿತು. ಅವನು ಕ್ರೂರಿಯಾಗಿರಲಿಲ್ಲ. ಇದೇ ನನ್ನನ್ನು ಹೆಚ್ಚು ಹೆದರಿಸಿತು. ಹೊಲ ಹಸನು ಮಾಡಬೇಕಿತ್ತು, ಚಳಿಗಾಲದ ಕಡಲು, ಬಸುರಿ ಹೆಂಡತಿ, ಮಗು ಹೇಗೂ ಒಳ್ಳೆಯವರ ಮನೆಯಲ್ಲಿದೆ. ಎಲ್ಲವೂ ನಿಜವಾದ ಕಾರಣಗಳೇ. ಅವನು ಇಲ್ಲ ಎಂದು ಒಂದು ಸಲವೂ ಹೇಳಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದ, ಆ ಯೋಚನೆಯಲ್ಲೇ ಮಗಳ ಕಾಲ ಮುಗಿದುಹೋಯಿತು. ಅವನಂಥದ್ದೇ ಮಾತನ್ನು ನಾನು ಶರ್ಮಿಳಾಗೆ ಹೇಳಿ ಆರು ವಾರವಾಗಿತ್ತು. ಅದಿತಿಯ ಪುಟ್ಟ ಹಾಸಿಗೆಯ ಮೇಲೆ ಕೂತು, ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತೆ.

ಮರುದಿನ ಬೆಳಿಗ್ಗೆ ಆಲಿವ್ ಅವರಿಗೆ ಓದಿ ಹೇಳಿದೆ. ಸುಳ್ಳು ಹೇಳಿಬಿಡೋಣ ಎಂದು ಗೋಡೆಯವರೆಗೆ ಹೋಗುವಾಗಲೂ ಅಂದುಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಆಗಲಿಲ್ಲ.

"ಗೊತ್ತಿತ್ತು ಅಂತಾಯಿತು. ಗ್ರ್ಯಾಂಡ್" ಎಂದರು. ಈ ಊರಿನವರು ಚಹಾ ಚೆನ್ನಾಗಿದ್ದರೂ ಗ್ರ್ಯಾಂಡ್, ಎದೆ ಒಡೆದರೂ ಗ್ರ್ಯಾಂಡ್. ಮತ್ತೆ ಹೇಳಿದರು, "ನಮ್ಮಲ್ಲಿ ಅಜ್ಜಿ ಹೆಸರು ಮೊಮ್ಮಗಳಿಗೆ ಇಡುವುದು ಪದ್ಧತಿ. ಆದರೆ ಇನ್ನೂರೈವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಬ್ಬಳೂ ಜೀನ್ ಇಲ್ಲ. ಅವಳೇ ಇಡಗೊಡಲಿಲ್ಲವಂತೆ. ಆ ಹೆಸರು ನನ್ನದಲ್ಲ, ಅದನ್ನು ಅಲ್ಲಿ ಕೊಟ್ಟುಬಿಟ್ಟಿದ್ದಾರೆ ಅನ್ನುತ್ತಿದ್ದಳಂತೆ. ಅವಳಿಗೆ ಯಾರು ಹೇಳಿದರೋ ಪಾಪ. ಯಾರೋ ಹೇಳಿದ್ದಾರೆ."

"ಅವಳ ಹೆಸರು ವಾಪಸ್ಸು ಬರೆಯುತ್ತೇನೆ" ಅಂದೆ.

"ಬರಿ. ಅವಳಿಗೆ ಅದರಿಂದ ಏನೂ ಆಗುವುದಿಲ್ಲ, ಬರಿ." ಕಣ್ಣಿನ ಅಂಚಿನಿಂದ ನನ್ನನ್ನು ನೋಡಿದರು. "ನಿನ್ನ ಮಗಳು ಹೋಗಿ ಎಷ್ಟು ತಿಂಗಳಾಯಿತು?"

"ಹತ್ತು" ಎಂದೆ.

ಅವತ್ತು ಸಂಜೆ ಶ್ರೀಕಂಠನಿಗೂ ನನಗೂ ಜೋರು ಜಗಳವಾಯಿತು. "ಐದ್ ತಿಂಗಳು ನಿಂಗೆ. ನಾನು ವಾರ್ಡಲ್ಲಿ ಬಿದ್ದಿರ್ತೀನಿ. ಇಲ್ಲಿ ಕರ್ಕೊಂಡ್ ಬಂದ್ರೆ ಯಾರ್ ನೋಡ್ಕೋತಾರೆ? ಅಲ್ಲಿ ಅವ್ಳು ಸೇಫಾಗಿದಾಳೆ ಜಯಾ. ನಿಂಗೆ ಬೇಕಿರೋದು ಮಗಳಾ, ಮನಸ್ಸಿಗೆ ಸಮಾಧಾನಾನಾ?"

"ಎರಡೂ ಬೇಕು. ಅವಳನ್ನ ಕೊಟ್ಬಿಡೋದಾದ್ರೆ ಕೊಟ್ಟೆ ಅಂತ ನೀನೇ ಫೋನ್ ಮಾಡಿ ಹೇಳು. ಈಗಲೇ ಹೇಳು. ಯೋಚನೆ ಮಾಡ್ತೀನಿ ಅನ್ಬೇಡ."

ಅವನು ಫೋನು ಕೈಗೆ ತೆಗೆದುಕೊಂಡ. ಹಿಡಿದುಕೊಂಡೇ ಇದ್ದ. ಆಮೇಲೆ ಮೇಜಿನ ಮೇಲಿಟ್ಟು, ಮುಖ ಮುಚ್ಚಿಕೊಂಡು ಕೂತ. ಹತ್ತು ತಿಂಗಳಲ್ಲಿ ಅವನು ಎಷ್ಟು ಸಾವು ನೋಡಿದ್ದನೋ, ಯಾವುದಕ್ಕೂ ಅತ್ತಿರಲಿಲ್ಲ. ಅವತ್ತು ಅತ್ತ.

ಶರ್ಮಿಳಾಗೆ ನಾನೇ ಹೇಳಬೇಕಿತ್ತು, ಹೇಳಿದೆ. "ಕರ್ಕೊಂಡ್ ಹೋಗು, ನಿನ್ ಮಗು" ಎಂದರು. "ಆದ್ರೆ ಜಯಾ, ಜುಲೈನಲ್ಲೇ ಕರ್ಕೊಂಡ್ ಹೋಗಿದ್ರೆ ನಂಗಿಷ್ಟು ಆಗ್ತಿರ್ಲಿಲ್ಲ." ಅವರನ್ನು ಸಮಾಧಾನ ಮಾಡುವ ಹಕ್ಕು ನನಗಿರಲಿಲ್ಲ. ತಪ್ಪಾಯ್ತು ಅಕ್ಕ ಎಂದೆ. ಅವರು ಫೋನು ಇಟ್ಟರು.

ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿರುವ ಸ್ಪಂದನಾ ಎಂಬ ಡಾಕ್ಟರು ತಾಯಿಯನ್ನು ನೋಡಲು ಮೈಸೂರಿಗೆ ಹೋದವಳು ಡಿಸೆಂಬರ್ ಮೊದಲ ವಾರ ಮರಳುವುದಿತ್ತು. ನಾವು ಒಪ್ಪಿಗೆ ಪತ್ರ ಬರೆದುಕೊಟ್ಟೆವು, ಅವಳು ಅದಿತಿಯನ್ನು ಕರೆತಂದಳು. ವಿಮಾನ ನಿಲ್ದಾಣದ ಕಾರು ನಿಲ್ಲಿಸುವ ಕಡೆ, ಮಾಸ್ಕ್ ಹಾಕಿದ ನನ್ನನ್ನು ಅದಿತಿ ಗುರುತಿಸಲಿಲ್ಲ. ಮಾಸ್ಕ್ ತೆಗೆದೆ. ಆಗಲೂ ಅವಳು ಸ್ಪಂದನಾಳ ಕೈ ಬಿಡಲಿಲ್ಲ. ಗಾಲ್ವೇವರೆಗೆ ಎರಡೂವರೆ ಗಂಟೆ ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು.

ಹೊರಗಿನಿಂದ ಬಂದವರು ಹದಿನಾಲ್ಕು ದಿನ ಹೊರಬೀಳುವಂತಿರಲಿಲ್ಲ. ಆಸ್ಪತ್ರೆ ತಪ್ಪಿಸುವಂತಿರಲಿಲ್ಲವಾದ್ದರಿಂದ ಶ್ರೀಕಂಠ ಮತ್ತೆ ಹೋಟೆಲಿಗೆ ಹೋದ. ಮನೆಯಲ್ಲಿ ನಾವಿಬ್ಬರು. ಅವಳು ಹಟ ಮಾಡಲಿಲ್ಲ, ತಟ್ಟೆಗೆ ಹಾಕಿದ್ದನ್ನು ತಿಂದಳು, ತಾನೇ ಬಟ್ಟೆ ಹಾಕಿಕೊಂಡಳು. ನೆಂಟರ ಮನೆಯಲ್ಲಿ ಹೇಗಿರಬೇಕೆಂದು ಶರ್ಮಿಳಾ ಚೆನ್ನಾಗಿ ಕಲಿಸಿದ್ದರು. ಮುಟ್ಟಲು ಹೋದರೆ ಮಾತ್ರ ಹಿಂದೆ ಸರಿಯುತ್ತಿದ್ದಳು. ನಾಲ್ಕರ ಸದ್ದು ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಅದಿತಿ ನನ್ನೆದುರು ಕೂತು ಬಣ್ಣ ಹಚ್ಚುತ್ತಿರುವಾಗಲೇ ಮೆಟ್ಟಿಲ ಮೇಲೆ ಇನ್ನೊಂದು ಜೋಡಿ ಹೆಜ್ಜೆ ಹತ್ತಿ, ಬಾಗಿಲ ಹತ್ತಿರ ನಿಲ್ಲುತ್ತಿತ್ತು. ವಂಶವೃಕ್ಷದಲ್ಲಿ ಮೊದಲ ಜೀನ್‌ಳ ಹೆಸರು ಮತ್ತೆ ಸೇರಿಸಿದ್ದೆ. ಆಲಿವ್ ಹೇಳಿದ್ದು ನಿಜ, ಅದರಿಂದ ಅವಳಿಗೆ ಏನೂ ಆಗಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಅದಿತಿ ಶೂ ಹಾಕಿಕೊಂಡು, ತನ್ನ ಬ್ಯಾಗು ಮಡಿಲಲ್ಲಿಟ್ಟು ಮೆಟ್ಟಿಲ ಮೇಲೆ ಕೂತಿದ್ದಳು.

"ಎಲ್ಲಿಗೆ ಹೊರಟೆ?"

"ಸಾಕು. ಈಗ ಮೈಸೂರಿಗೆ ಹೋಗ್ತೀನಿ."

ನಾನು ಎರಡು ಮೆಟ್ಟಿಲು ಕೆಳಗೆ, ಹೊಟ್ಟೆ ಹಿಡಿದುಕೊಂಡು ಕೂತೆ. ಇದೇ ನಿನ್ನ ಮನೆ, ಇಲ್ಲೇ ಹುಟ್ಟಿದ್ದು ನೀನು ಎಂದೆ. ಅವಳು ಅದನ್ನು ನಂಬಿದಂತೆ ಕಾಣಲಿಲ್ಲ. ಬ್ಯಾಗಿನ ಜಿಪ್ಪು ಎಳೆಯುತ್ತ ಕೇಳಿದಳು:

"ಮತ್ತೆ ನೀವ್ ಯಾಕ್ ಬರ್ಲಿಲ್ಲ? ಏರೋಪ್ಲೇನ್ ಎಲ್ಲಾ ಕೆಟ್ಟೋಗಿತ್ತಂತೆ. ಅದಕ್ಕೇನಾ?"

ಅದು ಶರ್ಮಿಳಾ ಹೇಳಿಕೊಟ್ಟಿದ್ದು. ನನ್ನ ಮಾನ ಉಳಿಸಲು ಅವರು ಮಗುವಿನ ಕೈಯಲ್ಲಿ ಕಳಿಸಿದ್ದ ಉತ್ತರ. ನಾನು ಹೌದು ಅಂದರೆ ಸಾಕಿತ್ತು, ನಾಲ್ಕು ವರ್ಷದ ಮಗು ಮತ್ತೆ ಯಾವತ್ತೂ ಕೇಳುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು.

"ಮೊದ್ಲು ಕೆಟ್ಟೋಗಿತ್ತು" ಎಂದೆ. "ಆಮೇಲೆ ಸರಿ ಹೋಯ್ತು. ಸರಿ ಹೋದ್ಮೇಲೂ ನಾನು ಬರ್ಲಿಲ್ಲ ಪುಟ್ಟಾ. ಬರಬೋದಿತ್ತು. ಬರ್ಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಬ್ಯಾಗು ಕೆಳಗೆ ಬಿತ್ತು. ಎರಡು ಮೆಟ್ಟಿಲು ಇಳಿದು ಬಂದು, ಪುಟ್ಟ ಅಂಗೈ ಬೀಸಿ ನನ್ನ ಕೆನ್ನೆಗೆ ಹೊಡೆದಳು. ಉರಿಯುವಂತೆ ಬಿತ್ತು. ಇನ್ನೊಂದು ಕೆನ್ನೆಗೆ, ಭುಜಕ್ಕೆ, ಕೂದಲಿಗೆ ಎರಡೂ ಕೈಯಲ್ಲಿ ಹೊಡೆದಳು. ಹನ್ನೊಂದು ತಿಂಗಳಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಾನು ಮುಖ ಸರಿಸಲಿಲ್ಲ.

"ನೀನ್ ಕೆಟ್ಟೋಳು" ಎಂದು ಕಿರುಚಿದಳು. "ನೀನ್ ಕೆಟ್ಟ ಅಮ್ಮ!"

"ಹೂಂ ಕಂದಾ" ಎಂದೆ. "ಹೌದು."